ಒಂದೇ ಆಫೀಸು, ಬೇರೆ ಬೇರೆ ಲೈಸೆನ್ಸು: ಎಲ್ಲಿ ಬೆರೆಸಬಹುದು, ಎಲ್ಲಿ ಬೆರೆಸಬಾರದು

ಸಾಫ್ಟ್‌ವೇರ್ ಕೊಳ್ಳುವಾಗ ಸಣ್ಣ ಮತ್ತು ಮಧ್ಯಮ ಕಂಪನಿಗಳಲ್ಲಿ ಎರಡು ಥರದ ಮಾಲೀಕರು ಕಾಣಸಿಗುತ್ತಾರೆ. ಕೆಲವರು ‘ತಲೆನೋವೇ ಬೇಡ’ ಅಂತ ಎಲ್ಲರಿಗೂ ಒಂದೇ ದುಬಾರಿ ಪ್ಲಾನ್ ಕೊಡಿಸಿಬಿಡುತ್ತಾರೆ. ಇನ್ನು ಕೆಲವರು ರೂಪಾಯಿ ರೂಪಾಯಿ ಲೆಕ್ಕ ಹಾಕಿ, ಒಬ್ಬೊಬ್ಬರಿಗೆ ಒಂದೊಂದು ಪ್ಲಾನ್ ಕೊಡುತ್ತಾರೆ. ಮೊದಲನೆಯವರ ದುಡ್ಡು ಸುಮ್ನೆ ಹೋಗುತ್ತದೆ. ಎರಡನೆಯವರಿಗೆ ದುಡ್ಡೇನೋ ಉಳಿಯುತ್ತದೆ. ಆದರೆ ಕೆಲವು ತಿಂಗಳಾದ ಮೇಲೆ ‘ಅವರಿಗೆ ಕಾಣುವ ರಿಪೋರ್ಟ್ ನನಗೇಕೆ ಕಾಣುತ್ತಿಲ್ಲ’ ಅನ್ನುವ ದೂರು ಶುರುವಾಗುತ್ತದೆ. ಅದನ್ನು ಸರಿಪಡಿಸಲು ಹೋದರೆ ಉಳಿಸಿದ್ದಕ್ಕಿಂತ ಜಾಸ್ತಿ ಖರ್ಚು.

ದರಪಟ್ಟಿಯಲ್ಲಿ ‘ಒಬ್ಬರಿಗೆ ತಿಂಗಳಿಗೆ ಇಷ್ಟು’ ಅಂತ ಬರೆದಿರುತ್ತದೆ. ಅದನ್ನು ನೋಡಿದವರಿಗೆ ಲೈಸೆನ್ಸ್ ಒಬ್ಬೊಬ್ಬರಿಗೂ ಪ್ರತ್ಯೇಕ, ಯಾರಿಗೆ ಯಾವುದು ಬೇಕೋ ಅದನ್ನು ಕೊಟ್ಟರಾಯಿತು ಅನ್ನಿಸುವುದು ಸಹಜ. ಎಷ್ಟೋ ಸಾಫ್ಟ್‌ವೇರ್‌ಗಳಲ್ಲಿ ಹಾಗಿಲ್ಲ. ಬಿಲ್ ತಲೆ ಲೆಕ್ಕದಲ್ಲಿ ಬರುತ್ತದೆ, ಸೌಲಭ್ಯ ಮಾತ್ರ ತಲೆ ಲೆಕ್ಕದಲ್ಲಿ ಕೆಲಸ ಮಾಡುವುದಿಲ್ಲ. ಹಾಗಾಗಿ ದರ ನೋಡುವ ಮೊದಲೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಮೇಲಿನ ಪ್ಲಾನ್‌ನಲ್ಲಿ ಹೆಚ್ಚಾಗಿ ಸಿಗುವ ಸೌಲಭ್ಯ ಯಾವುದಕ್ಕೆ ಅಂಟಿಕೊಂಡಿದೆ? ಆ ವ್ಯಕ್ತಿಗಾ, ಹಲವರು ಸೇರಿ ಕೆಲಸ ಮಾಡುವ ಜಾಗಕ್ಕಾ, ಇಲ್ಲಾ ಇಡೀ ಸಂಸ್ಥೆಗಾ? ಅಪಾರ್ಟ್‌ಮೆಂಟ್‌ನಲ್ಲಿ ನಿಮ್ಮ ಮನೆಯ ಕರೆಂಟ್ ಬಿಲ್ ನಿಮ್ಮದು, ಲಿಫ್ಟ್ ಎಲ್ಲರದ್ದು. ಮೂರನೇ ಮಹಡಿಯವರಿಗೆ ಮಾತ್ರ ಲಿಫ್ಟ್ ದೊಡ್ಡದು ಮಾಡಿಸಲು ಆಗುವುದಿಲ್ಲ, ಅಲ್ವಾ? ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಬೆರೆಸಬೇಕೋ ಬೇಡವೋ ಅನ್ನುವುದು ಮುಕ್ಕಾಲು ಪಾಲು ಇತ್ಯರ್ಥವಾದ ಹಾಗೆ.

ಕಂಪನಿಗಳು ದರವನ್ನು ಆಗಾಗ ಬದಲಾಯಿಸುತ್ತವೆ. ಅದಕ್ಕೇ ಇಲ್ಲಿ ರೂಪಾಯಿ ಲೆಕ್ಕ ಕಡಿಮೆ, ನಿಯಮದ ಲೆಕ್ಕ ಜಾಸ್ತಿ.

ವ್ಯಕ್ತಿಗೆ ಅಂಟಿದ್ದರೆ ಧೈರ್ಯವಾಗಿ ಬೆರೆಸಿ

ಝೂಮ್ ಸುಲಭದ ಉದಾಹರಣೆ. ಒಂದೇ ಅಕೌಂಟಿನಲ್ಲಿ ಕೆಲವರಿಗೆ ದುಡ್ಡು ಕೊಟ್ಟ ಲೈಸೆನ್ಸ್, ಉಳಿದವರಿಗೆ ಉಚಿತ ಬೇಸಿಕ್ ಕೊಡಬಹುದು. ಬೇಸಿಕ್‌ನವರು ಕರೆದ ಮೀಟಿಂಗ್ 40 ನಿಮಿಷಕ್ಕೆ ನಿಲ್ಲುತ್ತದೆ. ಆದರೆ ಈ ಮಿತಿ ಮೀಟಿಂಗ್ ಕರೆದವರಿಗೆ ಸೇರಿದ್ದು, ಕೂತು ಕೇಳುವವರಿಗೆ ಅಲ್ಲ. ಹಾಗಾಗಿ 30 ಜನರ ಆಫೀಸಿನಲ್ಲಿ ಹೊರಗಿನವರ ಜೊತೆ ಮೀಟಿಂಗ್ ಇಡುವ ನಾಲ್ಕೈದು ಜನರಿಗೆ ಲೈಸೆನ್ಸ್ ಇದ್ದರೆ ಸಾಕು. ಒಂದು ಮಾತು ನೆನಪಿರಲಿ: ಅವರು ರಜೆ ಹಾಕಿದ ದಿನ ಅವರ ಬದಲು ಮೀಟಿಂಗ್ ನಡೆಸುವವರನ್ನು ‘ಆಲ್ಟರ್ನೇಟಿವ್ ಹೋಸ್ಟ್’ ಮಾಡಬೇಕಾಗುತ್ತದೆ. ಅವರಿಗೂ ಲೈಸೆನ್ಸ್ ಇರಲೇಬೇಕು.

ಅಡೋಬಿಯಲ್ಲೂ ಹೀಗೆಯೇ. ಫೋಟೋಶಾಪ್ ಒಂದನ್ನೇ ಬಳಸುವವರಿಗೆ ಒಂದೇ ಆ್ಯಪ್‌ನ ಪ್ಲಾನ್, ವಿಡಿಯೋ, ಪುಟವಿನ್ಯಾಸ ಎಲ್ಲ ಮಾಡುವವರಿಗೆ ಪೂರ್ತಿ ಪ್ಲಾನ್. ಒಬ್ಬರ ಪ್ಲಾನ್ ಇನ್ನೊಬ್ಬರ ಕೆಲಸಕ್ಕೆ ಅಡ್ಡ ಬರುವುದಿಲ್ಲ. ಕೋಡ್ ಬರೆಯಲು ನೆರವಾಗುವ ಎಐ ಗಿಟ್‌ಹಬ್ ಕೋಪೈಲಟ್‌ನ ಸೀಟು (ಅಂದರೆ ಒಬ್ಬರ ಲೈಸೆನ್ಸ್) ಕೂಡ ಹಾಗೆ. ಕೋಡ್ ಬರೆಯುವವರಲ್ಲಿ ಯಾರಿಗೆ ಉಪಯೋಗವೋ ಅವರಿಗೆ ಕೊಟ್ಟು, ಉಳಿದವರನ್ನು ಬಿಡಬಹುದು.

ಇಂಜಿನಿಯರಿಂಗ್ ಡ್ರಾಯಿಂಗ್ ಮಾಡುವ ಆಟೋಕ್ಯಾಡ್ ವಿಷಯದಲ್ಲಿ ಸ್ವಲ್ಪ ನಿಂತು ನೋಡಬೇಕು. 3ಡಿ ಮಾಡುವವರಿಗೆ ಪೂರ್ತಿ ಆಟೋಕ್ಯಾಡ್, 2ಡಿ ಡ್ರಾಯಿಂಗ್ ಸಾಕು ಅನ್ನುವವರಿಗೆ ಅದರ ಸಣ್ಣ ಆವೃತ್ತಿ ಎಲ್‌ಟಿ. ಎರಡರ ಫೈಲೂ ಡಿಡಬ್ಲ್ಯುಜಿ. ಬೆರೆಸಲು ತೊಂದರೆಯಿಲ್ಲ. ಡ್ರಾಯಿಂಗ್ ತೆರೆದು ನೋಡುವುದಷ್ಟೇ ಕೆಲಸವಾದ ಸೂಪರ್‌ವೈಸರ್‌ಗೆ ಲೈಸೆನ್ಸೇ ಬೇಡ, ಆಟೋಕ್ಯಾಡ್ ಮಾಡುವ ಆಟೋಡೆಸ್ಕ್‌ನವರದೇ ಉಚಿತ ಡಿಡಬ್ಲ್ಯುಜಿ ಟ್ರೂವ್ಯೂ ಇದೆ. ಆದರೆ ಹಳೆಯ ಅಭ್ಯಾಸವೊಂದು ಈಗ ನಡೆಯುವುದಿಲ್ಲ. ಮೊದಲು ನೆಟ್‌ವರ್ಕ್ ಲೈಸೆನ್ಸ್ ಇತ್ತು, ಬೆಳಗಿನ ಪಾಳಿಯವರು ಎದ್ದ ಮೇಲೆ ಮಧ್ಯಾಹ್ನದ ಪಾಳಿಯವರು ಅದೇ ಲೈಸೆನ್ಸ್ ಹಿಡಿಯಬಹುದಿತ್ತು. 2020ರಿಂದ ಆಟೋಡೆಸ್ಕ್ ಹೆಸರಿನ ಲೆಕ್ಕಕ್ಕೆ ಬಂದಿದೆ. ಒಂದು ಲೈಸೆನ್ಸ್ ಒಬ್ಬ ವ್ಯಕ್ತಿಗೆ. ಒಂದು ಲಾಗಿನ್ ಇಟ್ಟುಕೊಂಡು ಇಬ್ಬರು ಬಳಸಿದರೆ ಅದು ನಿಯಮ ಮುರಿದಂತೆಯೇ. ಅಪರೂಪಕ್ಕೆ ಬಳಸುವವರಿಗೆ ಫ್ಲೆಕ್ಸ್ ಟೋಕನ್ ಇದೆ, ತೆರೆದ ದಿನಕ್ಕೆ ಮಾತ್ರ ಟೋಕನ್ ಖರ್ಚಾಗುತ್ತದೆ. ತಿಂಗಳಿಗೆ ಒಂದೆರಡು ದಿನ ಆಟೋಕ್ಯಾಡ್ ಮುಟ್ಟುವ ಹಿರಿಯ ಇಂಜಿನಿಯರ್‌ಗೆ ವರ್ಷದ ಲೈಸೆನ್ಸ್ ಕೊಡಿಸುವ ಮೊದಲು ಇದನ್ನು ಲೆಕ್ಕ ಹಾಕಿ ನೋಡಿ.

ಜಾಗಕ್ಕೆ ಅಂಟಿದ್ದರೆ ಬೆರೆಸುವ ಮಾತೇ ಇಲ್ಲ

ಡೆವಲಪರ್‌ಗಳು ಸೇರಿ ಕೋಡ್ ಇಟ್ಟು ತಿದ್ದುವ ಗಿಟ್‌ಲ್ಯಾಬ್‌ನಲ್ಲಿ ಫ್ರೀ, ಪ್ರೀಮಿಯಂ, ಅಲ್ಟಿಮೇಟ್ ಅಂತ ಮೂರು ಹಂತ. ‘ನಮ್ಮಲ್ಲಿ 40 ಡೆವಲಪರ್‌ಗಳಿದ್ದಾರೆ, ಸೆಕ್ಯುರಿಟಿ ನೋಡಿಕೊಳ್ಳುವವರು ಐದೇ ಜನ. ಐದಕ್ಕೆ ಅಲ್ಟಿಮೇಟ್, 35ಕ್ಕೆ ಪ್ರೀಮಿಯಂ ಕೊಡಿ’ ಅಂತ ಕೇಳಿದರೆ ಗಿಟ್‌ಲ್ಯಾಬ್ ಒಪ್ಪುವುದಿಲ್ಲ. ಒಂದು ಸರ್ವರ್‌ಗೆ, ಅವರದೇ ವೆಬ್‌ಸೈಟಿನಲ್ಲಾದರೆ ಒಂದು ಮೇಲುಗುಂಪಿಗೆ (ಪ್ರಾಜೆಕ್ಟ್‌ಗಳನ್ನೆಲ್ಲ ಒಳಗೊಂಡ ಮೇಲಿನ ಗುಂಪಿಗೆ), ಒಂದೇ ಹಂತ.

ಮೊದಲು ಕೇಳಿದಾಗ ಇದು ದುಡ್ಡು ಹೊಡೆಯುವ ಉಪಾಯ ಅನ್ನಿಸಬಹುದು. ಸ್ವಲ್ಪ ಯೋಚಿಸಿದರೆ ಕಾರಣ ಗೊತ್ತಾಗುತ್ತದೆ. ಕೋಡ್ ಸೇರಿಸುವ ಮೊದಲು ಇಂಥವರ ಒಪ್ಪಿಗೆ ಬೇಕೇ ಬೇಕು ಅನ್ನುವ ನಿಯಮ ಪ್ರೀಮಿಯಂ ಸೌಲಭ್ಯ. ಆ ನಿಯಮ ಇರುವುದು ಪ್ರಾಜೆಕ್ಟ್ ಮೇಲೆ. ಅದೇ ಪ್ರಾಜೆಕ್ಟ್‌ನಲ್ಲಿ ಫ್ರೀ ಹಂತದ ಒಬ್ಬರು ಕೋಡ್ ಹಾಕಿದರೆ ಒಪ್ಪಿಗೆ ಬೇಕೋ ಬೇಡವೋ? ಬೇಕು ಅಂದರೆ ಅವರೂ ಪ್ರೀಮಿಯಂ ಬಳಸಿದ ಹಾಗಾಯಿತು. ಬೇಡ ಅಂದರೆ ನಿಯಮಕ್ಕೆ ಅರ್ಥವೇ ಉಳಿಯಲಿಲ್ಲ. ಸೆಕ್ಯುರಿಟಿ ಡ್ಯಾಶ್‌ಬೋರ್ಡ್ ಕೂಡ ಹೀಗೆಯೇ. ಅದು ತೋರಿಸುವುದು ಐದು ಜನರ ತಪ್ಪನ್ನಲ್ಲ, ಇಡೀ ಪ್ರಾಜೆಕ್ಟಿನ ತಪ್ಪನ್ನು. ಇಲ್ಲಿ ಬೆರೆಸಲು ಬಿಡದಿರುವುದು ಸರಿ ಅಂತಲೇ ನನ್ನ ಅಭಿಪ್ರಾಯ.

ಹಾಗಂತ ದಾರಿಯೇ ಇಲ್ಲ ಅಂತಲ್ಲ. ಅಲ್ಟಿಮೇಟ್‌ನಲ್ಲಿ ಗೆಸ್ಟ್ ಆಗಿ ಸೇರಿಸಿದವರಿಗೆ ಸೀಟಿನ ದುಡ್ಡಿಲ್ಲ. ಪ್ರೀಮಿಯಂನಲ್ಲಿ ಗೆಸ್ಟ್‌ಗೂ ಸೀಟು ಬೇಕು. ಕೆಲಸದ ಪಟ್ಟಿಯನ್ನು ಸುಮ್ನೆ ನೋಡುವ, ದೂರು ದಾಖಲಿಸುವ ಜನ ಜಾಸ್ತಿ ಇದ್ದು, ಕೋಡ್ ಬರೆಯುವವರು ಕಡಿಮೆ ಇದ್ದರೆ ಎರಡು ಹಂತಗಳ ನಡುವಿನ ಅಂತರ ದರಪಟ್ಟಿಯಲ್ಲಿ ಕಂಡಷ್ಟು ಇರುವುದಿಲ್ಲ. ಹಂತ ಬೆರೆಸಲು ಬಿಡದ ಎಲ್ಲ ಸಾಫ್ಟ್‌ವೇರ್‌ಗಳಲ್ಲೂ ಹೀಗೆ ಹುಡುಕಬೇಕು: ದುಡ್ಡು ಕೊಡದೆ ಸೇರಿಸಬಹುದಾದ ಪಾತ್ರ ಯಾವುದು?

ಆಫೀಸಿನ ಚಾಟ್ ಆ್ಯಪ್ ಸ್ಲ್ಯಾಕ್‌ನಲ್ಲಿ ಒಂದು ವರ್ಕ್‌ಸ್ಪೇಸ್‌ಗೆ ಒಂದೇ ಪ್ಲಾನ್. ಆದರೆ ದುಡ್ಡು ಕೊಟ್ಟ ಪ್ಲಾನ್ ಇದ್ದರೆ, ಪ್ರತಿ ಸದಸ್ಯರ ಲೆಕ್ಕಕ್ಕೆ ಐದು ಜನ ಒಂದೇ ಚಾನೆಲ್‌ನ (ಒಂದೇ ಚಾಟ್ ಗುಂಪಿನ) ಗೆಸ್ಟ್‌ಗಳನ್ನು ಉಚಿತವಾಗಿ ಸೇರಿಸಬಹುದು. ಎರಡನೇ ಚಾನೆಲ್ ಕೊಟ್ಟ ಕೂಡಲೇ ಅವರಿಗೂ ಪೂರ್ತಿ ದುಡ್ಡು. ಹೊರಗಿನ ಆಡಿಟರ್, ಟ್ರಾನ್ಸ್‌ಪೋರ್ಟ್‌ನವರು, ಪ್ರಿಂಟಿಂಗ್‌ನವರು ಇಂಥವರಿಗೆ ಒಂದು ಚಾನೆಲ್ ಸಾಕಲ್ವಾ. ತಂಡದ ಕೆಲಸದ ಪಟ್ಟಿ ಇಡುವ ಜಿರಾದಲ್ಲಿ 10 ಜನರವರೆಗೆ ಉಚಿತ. 11ನೆಯವರು ಬಂದರೆ ಅವರೊಬ್ಬರಿಗಲ್ಲ, 11 ಜನರಿಗೂ ದುಡ್ಡು ಕೊಡಬೇಕು. ಅದೇ ಕಂಪನಿಯ ಜಿರಾ ಸರ್ವಿಸ್ ಮ್ಯಾನೇಜ್‌ಮೆಂಟ್‌ನಲ್ಲಿ ಮಾತ್ರ ದೂರು ಪರಿಹರಿಸುವ ಏಜೆಂಟರಿಗೆ ದುಡ್ಡು, ದೂರು ಕೊಡುವವರು ಎಷ್ಟು ಜನರಿದ್ದರೂ ಉಚಿತ. ‘ಐಟಿಯವರಿಗೆ ದೂರು ಹಾಕಲು’ ಅಂತ ಇಡೀ ಆಫೀಸಿಗೆ ಜಿರಾ ಸೀಟು ಕೊಡಿಸುವವರು ಈ ವ್ಯತ್ಯಾಸವನ್ನು ದಯವಿಟ್ಟು ಗಮನಿಸಿ.

ಬೆರೆಸಲು ಬಿಡುತ್ತಾರೆ, ಆದರೆ ಬೆರೆಸಿದರೆ ಕೆಲಸ ಕೆಡುತ್ತದೆ ಅನ್ನುವ ಜಾತಿಯೂ ಇದೆ. ರಿಪೋರ್ಟ್, ಚಾರ್ಟ್ ಮಾಡುವ ಮೈಕ್ರೋಸಾಫ್ಟ್‌ನ ಪವರ್ ಬಿಐ ಈ ಜಾತಿಯದು. ಫ್ರೀ, ಪ್ರೊ, ಪ್ರೀಮಿಯಂ ಪರ್ ಯೂಸರ್ ಅಂತ ಮೂರು ಲೈಸೆನ್ಸ್. ರಿಪೋರ್ಟ್ ತಯಾರಿಸುವ ಒಬ್ಬರಿಗೆ ಪ್ರೊ ಕೊಟ್ಟು, ನೋಡುವ 20 ಜನರನ್ನು ಫ್ರೀಯಲ್ಲೇ ಬಿಟ್ಟರೆ ರಿಪೋರ್ಟ್ ಕಳಿಸಿದ ದಿನವೇ ಸಿಕ್ಕಿಬೀಳುತ್ತೀರಿ. ಲಿಂಕ್ ಒತ್ತಿದವರಿಗೆ ರಿಪೋರ್ಟ್ ಬದಲು ‘ಪ್ರೊ ಬೇಕು’ ಅನ್ನುವ ಪುಟ ತೆರೆಯುತ್ತದೆ. ನೋಡುವವರಿಗೂ ಪ್ರೊ ಬೇಕು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಯಾರಿಸುವವರಿಗೆ ಪ್ರೀಮಿಯಂ ಪರ್ ಯೂಸರ್ ಕೊಟ್ಟು ಆ ಲೈಸೆನ್ಸಿನ ವರ್ಕ್‌ಸ್ಪೇಸ್‌ನಲ್ಲೇ ರಿಪೋರ್ಟ್ ಇಟ್ಟರೆ ಪ್ರೊ ಇದ್ದವರಿಗೂ ಅದು ತೆರೆಯುವುದಿಲ್ಲ! ಒಬ್ಬರನ್ನು ಮೇಲಕ್ಕೆ ಏರಿಸಿದ್ದಕ್ಕೆ 20 ಜನರನ್ನು ಏರಿಸಬೇಕಾಗುತ್ತದೆ. ನೋಡುವವರು ನೂರಾರು ಜನರಿದ್ದರೆ ತಲೆ ಲೆಕ್ಕ ಬಿಟ್ಟು ಕೆಪ್ಯಾಸಿಟಿ ಲೆಕ್ಕಕ್ಕೆ, ಅಂದರೆ ಸಂಸ್ಥೆಗೆ ಅಂತ ಕೊಂಡ ಸರ್ವರ್ ಸಾಮರ್ಥ್ಯದ ಲೆಕ್ಕಕ್ಕೆ, ಹೋಗುವುದು ಒಳ್ಳೆಯದು. ಮೈಕ್ರೋಸಾಫ್ಟ್‌ನದೇ ಡೇಟಾ ಸೇವೆ ಫ್ಯಾಬ್ರಿಕ್‌ನ ಎಫ್64 ಅಥವಾ ಅದಕ್ಕಿಂತ ದೊಡ್ಡ ಕೆಪ್ಯಾಸಿಟಿಯಲ್ಲಿ ಇಟ್ಟ ರಿಪೋರ್ಟನ್ನು ಫ್ರೀ ಲೈಸೆನ್ಸ್‌ನವರೂ ನೋಡಬಹುದು.

ನಮ್ಮ ಬೆಂಗಳೂರಿನದೇ ಆದ ಟ್ಯಾಲಿಯನ್ನೂ ಇಲ್ಲೇ ಸೇರಿಸಬೇಕು. ಟ್ಯಾಲಿಪ್ರೈಮ್ ಸಿಲ್ವರ್ ಒಂದು ಕಂಪ್ಯೂಟರಿಗೆ, ಒಬ್ಬರಿಗೆ. ಗೋಲ್ಡ್ ಆದರೆ ಆಫೀಸಿನ ಲ್ಯಾನ್‌ನಲ್ಲಿ ಎಷ್ಟು ಜನರಾದರೂ. ಗೋಲ್ಡ್‌ನ ದರ ಸಿಲ್ವರ್‌ನ ಮೂರು ಪಟ್ಟು ಅನ್ನುವ ಲೆಕ್ಕ ಹಿಂದಿನಿಂದ ನಡೆದುಬಂದಿದೆ. ಇಬ್ಬರು ಅಕೌಂಟೆಂಟ್‌ಗಳಿರುವ ಕಡೆ ‘ಎರಡು ಸಿಲ್ವರ್ ತಗೊಂಡರೆ ಕಡಿಮೆ’ ಅನ್ನುವ ಆಸೆ ಹುಟ್ಟುವುದೇ ಇಲ್ಲಿ. ಇಬ್ಬರೂ ಬೇರೆ ಬೇರೆ ಕಂಪನಿಯ ಲೆಕ್ಕ ಬರೆಯುವುದಾದರೆ ಆ ಆಸೆ ಸರಿಯೇ. ಒಂದೇ ಕಂಪನಿಯ ಪುಸ್ತಕದಲ್ಲಿ ಒಬ್ಬರು ಸೇಲ್ಸ್ ಬಿಲ್ ಹಾಕುತ್ತಿರುವಾಗ ಇನ್ನೊಬ್ಬರು ಪೇಮೆಂಟ್ ಹಾಕಬೇಕು ಅಂದರೆ ಗೋಲ್ಡೇ ಬೇಕು.

ಇಡೀ ಸಂಸ್ಥೆಯನ್ನೇ ತೂಗುವ ಲೈಸೆನ್ಸ್‌ಗಳು

ಇವು ಅಪಾಯದವು. ‘ನಾವು ಎರಡೇ ಕಂಪ್ಯೂಟರಿನಲ್ಲಿ ಬಳಸುತ್ತೇವೆ’ ಅನ್ನುವ ವಾದ ಇಲ್ಲಿ ನಡೆಯುವುದಿಲ್ಲ.

ಎಷ್ಟೋ ಸಾಫ್ಟ್‌ವೇರ್‌ಗಳು ಓಡಲು ಬೇಕಾದ ಜಾವಾಗೆ ಒರಾಕಲ್ ಕಂಪನಿ 2023ರ ಜನವರಿಯಲ್ಲಿ ಹೊಸ ಲೆಕ್ಕ ತಂದಿತು. ಚಂದಾ ಬೇಕಿದ್ದರೆ ಸಂಸ್ಥೆಯ ಒಟ್ಟು ಉದ್ಯೋಗಿಗಳ ಸಂಖ್ಯೆಗೆ ದುಡ್ಡು ಕೊಡಬೇಕು. ಜಾವಾ ಅಂದರೇನು ಅಂತ ಗೊತ್ತಿಲ್ಲದವರೂ, ಅರೆಕಾಲಿಕ ಕೆಲಸದವರೂ, ಸಂಸ್ಥೆಯ ಒಳಗಿನ ಕೆಲಸ ಮಾಡುವ ಗುತ್ತಿಗೆಯವರೂ ಆ ಲೆಕ್ಕದಲ್ಲಿ ಸೇರುತ್ತಾರೆ. ಇಂಥ ಕಡೆ ‘ಸ್ವಲ್ಪ ಒರಾಕಲ್, ಸ್ವಲ್ಪ ಉಚಿತ’ ಅಂತ ಬೆರೆಸಿದರೆ ಉಳಿತಾಯ ಸೊನ್ನೆ, ಏಕೆಂದರೆ ಒಂದು ಸರ್ವರ್ ಉಳಿದರೂ ಎಲ್ಲರ ಲೆಕ್ಕವೇ. ಆಗುವುದಾದರೆ ಪೂರ್ತಿ ಹೊರಗೆ ಬನ್ನಿ. ಜಾವಾದ ಮುಕ್ತ ಆವೃತ್ತಿ ಓಪನ್‌ಜೆಡಿಕೆಯ ಮೇಲೆ ಕಟ್ಟಿದ ಎಕ್ಲಿಪ್ಸ್ ಟೆಮುರಿನ್‌ನಂಥ ಉಚಿತ ಜಾವಾಗಳು ಹೆಚ್ಚಿನ ಕೆಲಸಕ್ಕೆ ಸಾಕಾಗುತ್ತವೆ.

ಕೋಡ್ ಬರೆಯಲು ಬಳಸುವ ಮೈಕ್ರೋಸಾಫ್ಟ್‌ನ ವಿಶುವಲ್ ಸ್ಟುಡಿಯೋ ಕಮ್ಯುನಿಟಿ ಉಚಿತ. ಆದರೆ ಯಾರಿಗೆ? 250ಕ್ಕಿಂತ ಜಾಸ್ತಿ ಕಂಪ್ಯೂಟರ್ ಇರುವ ಅಥವಾ ವರ್ಷಕ್ಕೆ 10 ಲಕ್ಷ ಡಾಲರ್‌ಗಿಂತ ಜಾಸ್ತಿ ಆದಾಯ ಇರುವ ಸಂಸ್ಥೆ ತನ್ನ ಮಾಮೂಲಿ ಕೆಲಸಕ್ಕೆ ಅದನ್ನು ಬಳಸುವಂತಿಲ್ಲ. ಅದಕ್ಕಿಂತ ಸಣ್ಣ ಸಂಸ್ಥೆಯಲ್ಲೂ ಐದೇ ಜನ. ಡೆವಲಪರ್‌ಗಳೇ ಬಳಸುವ ಇನ್ನೊಂದು ಸಾಧನ ಡಾಕರ್ ಡೆಸ್ಕ್‌ಟಾಪ್ ಉಚಿತವಾಗಿ ಸಿಗಬೇಕಾದರೆ 250ಕ್ಕಿಂತ ಕಡಿಮೆ ಉದ್ಯೋಗಿಗಳು, ಒಂದು ಕೋಟಿ ಡಾಲರ್‌ಗಿಂತ ಕಡಿಮೆ ಆದಾಯ, ಎರಡೂ ಇರಬೇಕು. ಹೊಸದಾಗಿ ಸೇರಿದ ಹುಡುಗರು ಇವನ್ನು ಮನೆಯಲ್ಲಿ ಹಾಕಿಕೊಂಡಂತೆ ಆಫೀಸಿನಲ್ಲೂ ಹಾಕಿಕೊಳ್ಳುತ್ತಾರೆ. ಅವರ ತಪ್ಪೇನಿಲ್ಲ, ಯಾರೂ ಹೇಳಿರುವುದಿಲ್ಲ. ಕಂಪನಿ ಬೆಳೆದು ಮಿತಿ ದಾಟಿದ ವರ್ಷ ಈ ಪಟ್ಟಿಯನ್ನು ಮತ್ತೆ ತೆಗೆದು ನೋಡುವುದು ಮಾಲೀಕರ ಕೆಲಸ.

ಮೈಕ್ರೋಸಾಫ್ಟ್ 365: ಮೂರೂ ಥರ ಒಂದೇ ಪೆಟ್ಟಿಗೆಯಲ್ಲಿ

ಹೆಚ್ಚಿನವರ ಪ್ರಶ್ನೆ ಇದರದ್ದೇ, ಹಾಗಾಗಿ ನಿಧಾನವಾಗಿ ನೋಡೋಣ. ಇಲ್ಲಿ ಪ್ಲಾನ್ ಬೆರೆಸಲು ಪೂರ್ತಿ ಅನುಮತಿ ಇದೆ. ಬಿಸಿನೆಸ್ ಬೇಸಿಕ್, ಸ್ಟ್ಯಾಂಡರ್ಡ್, ಪ್ರೀಮಿಯಂ ಈ ಮೂರಕ್ಕೂ 300 ಸೀಟಿನ ಮಿತಿ ಇದೆ, ಆದರೆ ಅದು ಒಂದೊಂದು ಪ್ಲಾನಿಗೆ 300. ಒಟ್ಟು 300 ಅಲ್ಲ. ಕಂಪನಿ 301 ಜನರಾದ ಕೂಡಲೇ ಎಲ್ಲರನ್ನೂ ದೊಡ್ಡ ಸಂಸ್ಥೆಗಳ ಪ್ಲಾನ್ ಆದ ಇ3ಗೆ ಏರಿಸಬೇಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಬೇಸಿಕ್‌ನಲ್ಲಿ ವರ್ಡ್, ಎಕ್ಸೆಲ್ ಬ್ರೌಸರ್‌ನಲ್ಲಿ ಮತ್ತು ಮೊಬೈಲ್‌ನಲ್ಲಿ ಮಾತ್ರ. ಸ್ಟ್ಯಾಂಡರ್ಡ್‌ನಲ್ಲಿ ಕಂಪ್ಯೂಟರಿಗೆ ಹಾಕಿಕೊಳ್ಳುವ ಪೂರ್ತಿ ಆಫೀಸ್ ಸಿಗುತ್ತದೆ. ಇಷ್ಟರಮಟ್ಟಿಗೆ ಇದು ವ್ಯಕ್ತಿಗೆ ಅಂಟಿದ ಸೌಲಭ್ಯ, ಧೈರ್ಯವಾಗಿ ಬೆರೆಸಿ. ಮೇಲ್ ನೋಡಿ ಉತ್ತರಿಸುವವರಿಗೆ ಬೇಸಿಕ್, ದೊಡ್ಡ ಎಕ್ಸೆಲ್ ಫೈಲಿನ ಜೊತೆ ದಿನವಿಡೀ ಕೂರುವವರಿಗೆ ಸ್ಟ್ಯಾಂಡರ್ಡ್. ಮ್ಯಾಕ್ರೋ ಇರುವ ಎಕ್ಸೆಲ್ ಫೈಲ್ ಬಳಸುವವರಿಗೆ ಬೇಸಿಕ್ ಕೊಡಬೇಡಿ, ಬ್ರೌಸರ್‌ನ ಎಕ್ಸೆಲ್‌ನಲ್ಲಿ ಆ ಮ್ಯಾಕ್ರೋಗಳು ಓಡುವುದಿಲ್ಲ.

ತೊಂದರೆ ಶುರುವಾಗುವುದು ಸ್ಟ್ಯಾಂಡರ್ಡ್ ಜೊತೆ ಪ್ರೀಮಿಯಂ ಬೆರೆಸಿದಾಗ. ಪ್ರೀಮಿಯಂನಲ್ಲಿ ಹೆಚ್ಚಾಗಿ ಸಿಗುವುದು ಭದ್ರತೆ: ಲ್ಯಾಪ್‌ಟಾಪ್, ಫೋನ್‌ಗಳನ್ನು ಹತೋಟಿಯಲ್ಲಿಡಲು ಇಂಟ್ಯೂನ್, ವೈರಸ್ ತಡೆಯಲು ಡಿಫೆಂಡರ್, ಮತ್ತು ಲಾಗಿನ್‌ಗಳನ್ನು ನೋಡಿಕೊಳ್ಳಲು ಎಂಟ್ರಾ ಐಡಿ ಪಿ1. ಈ ಪಿ1 ಇದ್ದರೆ ‘ಕಂಡೀಷನಲ್ ಆ್ಯಕ್ಸೆಸ್’ ಅನ್ನುವ ನಿಯಮಗಳನ್ನು ಬರೆಯಬಹುದು. ಉದಾಹರಣೆಗೆ, ಭಾರತದ ಹೊರಗಿನಿಂದ ಯಾರೂ ಲಾಗಿನ್ ಆಗುವಂತಿಲ್ಲ ಅಂತ.

ಆದರೆ ಅದಕ್ಕೂ ಮೊದಲು ಒಂದು ಸ್ವಿಚ್ ಆಫ್ ಮಾಡಬೇಕು. ಪ್ರತಿ ಸಂಸ್ಥೆಯ ಅಕೌಂಟಿನಲ್ಲೂ ‘ಸೆಕ್ಯುರಿಟಿ ಡಿಫಾಲ್ಟ್ಸ್’ ಅಂತ ಒಂದು ಉಚಿತ ಕಾವಲು ಇರುತ್ತದೆ. ಎಲ್ಲರೂ ಫೋನಿನಲ್ಲಿ ಎರಡನೇ ಬಾರಿ ದೃಢೀಕರಿಸಲು ನೋಂದಾಯಿಸಲೇಬೇಕು ಅಂತ ಒತ್ತಾಯಿಸುವುದು ಅದೇ. ಅದೂ ಕಂಡೀಷನಲ್ ಆ್ಯಕ್ಸೆಸ್ಸೂ ಒಟ್ಟಿಗೆ ಇರುವಂತಿಲ್ಲ. ಡಿಫಾಲ್ಟ್ಸ್ ಆಫ್ ಮಾಡಿದರೆ ಇಡೀ ಸಂಸ್ಥೆಗೆ ಆಫ್. ಈಗ ನೋಡಿ: ಎಂಟು ಜನ ಮುಖ್ಯರಿಗೆ ಪ್ರೀಮಿಯಂ, 30 ಜನರಿಗೆ ಸ್ಟ್ಯಾಂಡರ್ಡ್. ಎಂಟು ಜನರಿಗೆ ಬಿಗಿಯಾದ ನಿಯಮ ಬರೆಯಲು ಹೋಗಿ ಡಿಫಾಲ್ಟ್ಸ್ ಆಫ್ ಮಾಡಿದಿರಿ. ಉಳಿದ 30 ಜನರಿಗೆ ಇದ್ದ ಕಾವಲೂ ಹೋಯಿತು. ಭದ್ರತೆಗೆ ಅಂತ ದುಡ್ಡು ಹಾಕಿದ ದಿನವೇ ಮುಕ್ಕಾಲು ಪಾಲು ಜನರ ಭದ್ರತೆ ಕಡಿಮೆಯಾಯಿತು. ಯಾವ ಎಚ್ಚರಿಕೆಯೂ ಅವರಿಗೆ ಬರುವುದಿಲ್ಲ, ಪಾಸ್‌ವರ್ಡ್ ಒಂದೇ ಹಾಕಿ ಮೇಲ್ ತೆರೆಯುತ್ತದೆ, ಅವರಿಗೆ ಖುಷಿಯೇ!

ಹೀಗೆ ಸಡಿಲವಾದ ಮೇಲ್‌ಬಾಕ್ಸ್ ಕಳ್ಳರ ಕೈಗೆ ಸಿಕ್ಕರೆ ಏನಾಗುತ್ತದೆ ಅಂತ ವ್ಯಾಪಾರ ಮಾಡುವವರಿಗೆ ಬಿಡಿಸಿ ಹೇಳಬೇಕಿಲ್ಲ. ಹಳೆಯ ಬಿಲ್ ತೆಗೆದು, ಬ್ಯಾಂಕ್ ಖಾತೆಯ ಸಂಖ್ಯೆ ಬದಲಾಯಿಸಿ, ನಿಮ್ಮದೇ ಮೇಲ್‌ನಿಂದ ಗಿರಾಕಿಗೆ ಕಳಿಸುತ್ತಾರೆ.

ಎಂಟು ಪ್ರೀಮಿಯಂ ಇಟ್ಟುಕೊಂಡು ಕಂಡೀಷನಲ್ ಆ್ಯಕ್ಸೆಸ್ ನಿಯಮವನ್ನು 38 ಜನರಿಗೂ ಹಾಕಿದರೆ? ತಾಂತ್ರಿಕವಾಗಿ ಅದು ಕೆಲಸ ಮಾಡಬಹುದು. ಸ್ವಿಚ್ ಇಡೀ ಸಂಸ್ಥೆಯದು ತಾನೇ. ಆದರೆ ಮೈಕ್ರೋಸಾಫ್ಟ್‌ನ ಷರತ್ತು ಸ್ಪಷ್ಟ: ಲಾಭ ಪಡೆಯುವ ಪ್ರತಿಯೊಬ್ಬರಿಗೂ ಲೈಸೆನ್ಸ್ ಇರಬೇಕು. ‘ಓಡುತ್ತದೆ’ ಅನ್ನುವುದೇ ಬೇರೆ, ‘ಹಕ್ಕಿದೆ’ ಅನ್ನುವುದೇ ಬೇರೆ. ಕಡಿಮೆ ದರಕ್ಕೆ ಹೀಗೆ ಹೊಂದಿಸಿಕೊಡುತ್ತೇವೆ ಅನ್ನುವ ಡೀಲರ್‌ಗಳಿದ್ದಾರೆ. ಆಡಿಟ್ ಬಂದಾಗ ಉತ್ತರ ಕೊಡಬೇಕಾದವರು ನೀವು, ಅವರಲ್ಲ.

ಹಾಗಾಗಿ ಭದ್ರತೆಯ ವಿಷಯದಲ್ಲಿ ನನ್ನ ಮಾತು ಇಷ್ಟೇ. ಮೇಜಿನ ಮುಂದೆ ಕೂತು ಕೆಲಸ ಮಾಡುವವರಿಗೆಲ್ಲ ಪ್ರೀಮಿಯಂ ಕೊಡಿ, ಇಲ್ಲವೇ ಯಾರಿಗೂ ಬೇಡ, ಡಿಫಾಲ್ಟ್ಸ್ ಹಾಗೇ ಇರಲಿ. ನಡುವಿನದು ಬೇಡ. ಅನಿವಾರ್ಯವಾಗಿ ನಡುವಿನದೇ ಆಗಬೇಕಿದ್ದರೆ ಸ್ಟ್ಯಾಂಡರ್ಡ್‌ನವರ ಅಕೌಂಟಿಗೆ ಒಬ್ಬೊಬ್ಬರದಾಗಿ ಎರಡನೇ ದೃಢೀಕರಣವನ್ನು ಆನ್ ಮಾಡಿ, ಹೊಸಬರು ಸೇರಿದಾಗಲೆಲ್ಲ ಅದನ್ನು ಮರೆಯದೆ ಮಾಡುವ ಒಬ್ಬರನ್ನು ನೇಮಿಸಿ. ಮತ್ತೆ, ಪ್ರೀಮಿಯಂ ಯಾರಿಗೆ ಅನ್ನುವುದನ್ನು ಪದವಿ ನೋಡಿ ತೀರ್ಮಾನಿಸಬೇಡಿ. ಎಂಡಿಯ ಮೇಲ್‌ಗಿಂತ, ಪೇಮೆಂಟ್ ಮಾಡುವ ಅಕೌಂಟ್ಸ್ ಹುಡುಗಿಯ ಮೇಲ್ ಕಳ್ಳರಿಗೆ ಜಾಸ್ತಿ ಉಪಯೋಗದ್ದು.

60 ಜನರ ಕಾರ್ಖಾನೆಯೊಂದರ ಲೆಕ್ಕ

ಕಾಗದದ ಮೇಲೆ ಒಂದು ಕಂಪನಿ ಕಟ್ಟೋಣ. ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆ. ಒಟ್ಟು 60 ಜನ. ಮೆಷಿನ್ ಮೇಲೆ 28, ಸೂಪರ್‌ವೈಸರ್ 4, ಮೇಜಿನ ಕೆಲಸದವರು 28.

ಮೆಷಿನ್ ಮೇಲಿನ 28 ಜನರಿಗೆ ಮೇಲ್ ಬೇಕಾ? ಸಂಬಳದ ಚೀಟಿ, ರಜೆ, ಸೂಚನೆ ಇಷ್ಟೇ ಆದರೆ ಬೇಡ. ಕಂಪನಿಯ ಸೂಚನೆಗಳು ಮೈಕ್ರೋಸಾಫ್ಟ್‌ನ ಚಾಟ್, ಮೀಟಿಂಗ್ ಆ್ಯಪ್ ಟೀಮ್ಸ್‌ನಲ್ಲೇ ಬರಬೇಕು ಅಂದರೆ ಮೈಕ್ರೋಸಾಫ್ಟ್ 365 ಎಫ್1 ಸಾಕು. ಅದರಲ್ಲಿ ಮೇಲ್‌ಬಾಕ್ಸ್ ಇಲ್ಲ, ಫೈಲ್ ಓದಬಹುದು, ತಿದ್ದಲು ಆಗುವುದಿಲ್ಲ. ನಾಲ್ಕು ಸೂಪರ್‌ವೈಸರ್‌ಗಳಿಗೆ ಎಫ್3. ಮೇಲ್‌ಬಾಕ್ಸ್ 2 ಜಿಬಿ, ಎಕ್ಸೆಲ್ ಬ್ರೌಸರ್‌ನಲ್ಲಿ ಮತ್ತು ಫೋನಿನಲ್ಲಿ. ಪಾಳಿಯ ವರದಿ ತುಂಬಲು ಬೇಕಾದಷ್ಟಾಯಿತು. ಈ ಎಫ್ ಪ್ಲಾನ್‌ಗಳು ಓಡಾಡಿಕೊಂಡು ಕೆಲಸ ಮಾಡುವವರಿಗೆ ಅಂತ ಇರುವುದು. ದರ ಕಡಿಮೆ ಅಂತ ಅಕೌಂಟ್ಸ್‌ನವರಿಗೆ ಕೊಟ್ಟರೆ ನಿಯಮಕ್ಕೂ ಸರಿಯಲ್ಲ, 2 ಜಿಬಿ ಮೇಲ್‌ಬಾಕ್ಸ್ ಬೇಗ ತುಂಬಿಯೂ ಹೋಗುತ್ತದೆ.

ಮೇಜಿನ 28 ಜನರಿಗೆ ಬಿಸಿನೆಸ್ ಪ್ರೀಮಿಯಂ. ಇಲ್ಲಿ ಒಂದು ಚಂದದ ಹೊಂದಾಣಿಕೆ ಇದೆ: ಮೈಕ್ರೋಸಾಫ್ಟ್ 365 ಎಫ್1, ಎಫ್3 ಎರಡರಲ್ಲೂ ಎಂಟ್ರಾ ಐಡಿ ಪಿ1 ಸೇರಿದೆ. ಅಂದರೆ ಕಂಡೀಷನಲ್ ಆ್ಯಕ್ಸೆಸ್ ನಿಯಮವನ್ನು 60 ಜನರಿಗೂ ಹಕ್ಕಿನಿಂದ ಹಾಕಬಹುದು. ಪ್ಲಾನ್ ಮೂರು, ಭದ್ರತೆಯ ನಿಯಮ ಒಂದೇ. ಬೆರೆಸುವುದಾದರೆ ಹೀಗೆ ಬೆರೆಸಬೇಕು. ‘ಆಫೀಸ್ 365 ಎಫ್3’ ಅನ್ನುವುದು ಬೇರೆಯದೇ ಪ್ಲಾನ್, ಅದರಲ್ಲಿ ಪಿ1 ಇಲ್ಲ. ಕೊಟೇಷನ್‌ನಲ್ಲಿ ‘ಎಫ್3’ ಅಂತ ಇಷ್ಟೇ ಬರೆದಿದ್ದರೆ ಪೂರ್ತಿ ಹೆಸರು ಬರೆಸಿಕೊಳ್ಳಿ.

‘ಸೇಲ್ಸ್’, ‘ಅಕೌಂಟ್ಸ್’, ‘ಪರ್ಚೇಸ್’ ಅಂತ ಇಲಾಖೆಯ ಹೆಸರಿನ ಮೇಲ್ ವಿಳಾಸಗಳಿಗೆ ಲೈಸೆನ್ಸ್ ಕೊಳ್ಳಲೇಬೇಡಿ. ಅವನ್ನು ಶೇರ್ಡ್ ಮೇಲ್‌ಬಾಕ್ಸ್ ಮಾಡಿದರೆ 50 ಜಿಬಿವರೆಗೆ ಲೈಸೆನ್ಸ್ ಬೇಕಿಲ್ಲ. ಲೈಸೆನ್ಸ್ ಇರುವ ಸಿಬ್ಬಂದಿ ತಮ್ಮ ತಮ್ಮ ಲಾಗಿನ್‌ನಿಂದ ಅದನ್ನು ತೆರೆಯಬೇಕು, ಅಷ್ಟೇ. ಒಂದು ಪಾಸ್‌ವರ್ಡ್ ಬರೆದಿಟ್ಟು ಐದು ಜನ ನೇರವಾಗಿ ಅದಕ್ಕೇ ಲಾಗಿನ್ ಆಗುವ ಪದ್ಧತಿ ಇದ್ದರೆ ಇವತ್ತೇ ನಿಲ್ಲಿಸಿ. ಎಷ್ಟೋ ಕಂಪನಿಗಳಲ್ಲಿ ಪ್ಲಾನ್ ಬೆರೆಸದೆಯೇ, ಇದೊಂದನ್ನು ಸರಿ ಮಾಡಿದರೆ ನಾಲ್ಕೈದು ಲೈಸೆನ್ಸ್ ಉಳಿಯುತ್ತವೆ.

ಉಳಿದಂತೆ, ಒಟ್ಟಿಗೆ ಕೂತು ಒಂದೇ ಪುಸ್ತಕ ಬರೆಯುವ ಅಕೌಂಟ್ಸ್‌ಗೆ ಟ್ಯಾಲಿ ಗೋಲ್ಡ್. ಡಿಸೈನ್‌ನಲ್ಲಿ ಮೂವರಿದ್ದರೆ 3ಡಿ ಮಾಡುವವರಿಗೆ ಪೂರ್ತಿ ಆಟೋಕ್ಯಾಡ್, ಉಳಿದವರಿಗೆ ಎಲ್‌ಟಿ. ಝೂಮ್ ಬೇಕೇ ಬೇಕಿದ್ದರೆ ಸೇಲ್ಸ್‌ನ ಇಬ್ಬರಿಗೆ. ಟೀಮ್ಸ್ ಇರುವಾಗ ಅದೂ ಬೇಕಾ ಅಂತ ಒಮ್ಮೆ ಕೇಳಿಕೊಳ್ಳಿ.

20 ಜನರೊಳಗಿನ ಆಫೀಸಾದರೆ ಇಷ್ಟೆಲ್ಲ ಬೇಡ. ಒಂದೇ ಪ್ಲಾನ್, ಹೆಚ್ಚೆಂದರೆ ಎರಡು. ಯಾರು ಬಂದರು, ಯಾರು ಬಿಟ್ಟರು, ಯಾರಿಗೆ ಯಾವುದು ಅಂತ ನೋಡಿಕೊಳ್ಳಲು ಪೂರ್ಣಾವಧಿಯ ಐಟಿಯವರು ಇರುವುದಿಲ್ಲ. ಬೆರೆಸಿ ಉಳಿಸಿದ ಚಿಲ್ಲರೆ, ಒಂದು ದಿನ ಯಾರದೋ ಮೇಲ್ ನಿಂತರೆ ಹೋಗುತ್ತದೆ.

ಎರಡು ಅಕೌಂಟ್ ಮಾಡಿದರೆ ಆಗದೇ?

ಬೆರೆಸಲು ಬಿಡದ ಕಡೆ ಕೆಲವರು ಎರಡು ವರ್ಕ್‌ಸ್ಪೇಸ್, ಎರಡು ಗಿಟ್‌ಲ್ಯಾಬ್ ಗುಂಪು ಮಾಡುತ್ತಾರೆ. ಒಂದು ಉಚಿತ, ಒಂದು ದುಡ್ಡಿನದು. ಎರಡು ತಂಡಗಳ ಕೆಲಸಕ್ಕೆ ಸಂಬಂಧವೇ ಇಲ್ಲದಿದ್ದರೆ ಇದು ಒಳ್ಳೆಯ ದಾರಿ. ಹೊರಗಿನ ಗಿರಾಕಿಗೆ ಕೋಡ್ ಬರೆದುಕೊಡುವ ತಂಡ ಬೇರೆ, ಸ್ವಂತ ಉತ್ಪನ್ನದ ತಂಡ ಬೇರೆ ಅಂದರೆ ಬೇರೆ ಇಡುವುದೇ ವಾಸಿ. ಆದರೆ ಎರಡೂ ಕಡೆ ಓಡಾಡುವವರು ಇದ್ದೇ ಇರುತ್ತಾರೆ. ಎರಡು ಗುಂಪಿಗೂ ದುಡ್ಡಿನ ಪ್ಲಾನ್ ಇದ್ದರೆ ಅವರ ಸೀಟನ್ನು ಎರಡು ಕಡೆಯೂ ಲೆಕ್ಕ ಹಾಕುತ್ತಾರೆ. ಅಂಥವರು ಜಾಸ್ತಿ ಆದಷ್ಟೂ ಉಳಿತಾಯ ಕರಗುತ್ತದೆ. ಮೇಲ್ ಮತ್ತು ಲಾಗಿನ್ ಕೊಡುವ ಮೂಲ ಅಕೌಂಟನ್ನು ಮಾತ್ರ ಯಾವ ಕಾರಣಕ್ಕೂ ಎರಡು ಮಾಡಬೇಡಿ. ಕೆಲಸ ಬಿಟ್ಟವರ ಲಾಗಿನ್ ಒಂದು ಕಡೆ ಮುಚ್ಚಿ ಇನ್ನೊಂದು ಕಡೆ ಮರೆಯುವುದು ಅಲ್ಲೇ.

ಅವಧಿಯನ್ನೂ ಬೆರೆಸಬಹುದು

ಇದನ್ನು ಬಹಳ ಜನ ಯೋಚಿಸುವುದೇ ಇಲ್ಲ. ಮೈಕ್ರೋಸಾಫ್ಟ್‌ನ ಡೀಲರ್ ಮೂಲಕ ಕೊಂಡರೆ ವರ್ಷದ ಒಪ್ಪಂದ, ತಿಂಗಳ ಒಪ್ಪಂದ ಎರಡೂ ಇವೆ. ತಿಂಗಳದ್ದಕ್ಕೆ ಶೇ 20 ಜಾಸ್ತಿ. ಅಂದರೆ ತಿಂಗಳ ಒಪ್ಪಂದದಲ್ಲಿ 10 ತಿಂಗಳಿಗೆ ಕೊಡುವ ದುಡ್ಡು ವರ್ಷದ ಒಪ್ಪಂದದ 12 ತಿಂಗಳಿಗೆ ಸಮ. ಹಬ್ಬದ ಸೀಸನ್‌ಗೆ, ಆಡಿಟ್ ಸಮಯಕ್ಕೆ, ಪ್ರಾಜೆಕ್ಟಿಗೆ ಅಂತ ನಾಲ್ಕಾರು ತಿಂಗಳು ಬಂದುಹೋಗುವವರಿಗೆ ತಿಂಗಳದ್ದು ತಗೊಳ್ಳಿ, ಕಾಯಂ ಜನರಿಗೆ ವರ್ಷದ್ದು. ವರ್ಷದ ಒಪ್ಪಂದಕ್ಕೆ ತಿಂಗಳ ಕಂತಿನಲ್ಲಿ ಕಟ್ಟಿದರೆ 2025ರ ಏಪ್ರಿಲ್‌ನಿಂದ ಶೇ 5 ಜಾಸ್ತಿ ಆಗಿದೆ, ಕೈಯಲ್ಲಿ ದುಡ್ಡಿದ್ದರೆ ಒಟ್ಟಿಗೆ ಕಟ್ಟುವುದು ಲಾಭ.

ವರ್ಷದ ಒಪ್ಪಂದದಲ್ಲಿ ಸೀಟು ಜಾಸ್ತಿ ಮಾಡಲು, ಮೇಲಿನ ಪ್ಲಾನಿಗೆ ಏರಲು ಯಾವಾಗ ಬೇಕಾದರೂ ಆಗುತ್ತದೆ. ಕಡಿಮೆ ಮಾಡಲು, ಕೆಳಗಿಳಿಯಲು ಕೊಂಡ ಅಥವಾ ರಿನ್ಯೂ ಆದ ಏಳು ದಿನ ಮಾತ್ರ ಸಮಯ. ಅದು ಮುಗಿದರೆ ಮುಂದಿನ ರಿನ್ಯೂವಲ್‌ವರೆಗೆ ಕಟ್ಟುತ್ತಲೇ ಇರಬೇಕು. ಆದ್ದರಿಂದ ಅನುಮಾನ ಇದ್ದಾಗ ಕೆಳಗಿನಿಂದ ಶುರು ಮಾಡಿ. ಮೇಲೇರುವುದಕ್ಕೆ ಒಂದು ದಿನ ಸಾಕು. ಈ ದರಗಳ ಮೇಲೆ ಶೇ 18 ಜಿಎಸ್‌ಟಿ ಬೇರೆ ಇದೆ. ಜಿಎಸ್‌ಟಿ ನೋಂದಣಿ ಇದ್ದು ಇನ್‌ಪುಟ್ ಕ್ರೆಡಿಟ್ ಪಡೆಯುವ ಕಂಪನಿಗೆ ಅದು ಹಿಂದಕ್ಕೆ ಬರುತ್ತದೆ. ಕ್ರೆಡಿಟ್ ಸಿಗದ ಟ್ರಸ್ಟ್, ಶಾಲೆಗಳಿಗೆ ಅದೂ ಖರ್ಚೇ. ಹೋಲಿಸುವಾಗ ಸೇರಿಸಿಯೇ ಹೋಲಿಸಿ.

ಕೆಳಗಿಳಿಸುವಾಗ

ಒಬ್ಬರನ್ನು ದೊಡ್ಡ ಪ್ಲಾನ್‌ನಿಂದ ಸಣ್ಣದಕ್ಕೆ ಇಳಿಸುವ ಮೊದಲು ಅವರ ಮೇಲ್‌ಬಾಕ್ಸ್ ಎಷ್ಟು ದೊಡ್ಡದಿದೆ ಅಂತ ಅಡ್ಮಿನ್ ಪುಟದಲ್ಲಿ ನೋಡಿ. ಇ3ಯಲ್ಲಿ 100 ಜಿಬಿವರೆಗೆ ಜಾಗ ಇತ್ತು, ಎಫ್3ಯಲ್ಲಿ 2 ಜಿಬಿ. 15 ಜಿಬಿ ಮೇಲ್ ಇಟ್ಟುಕೊಂಡವರನ್ನು ಹಾಗೇ ಇಳಿಸಿದರೆ ಹಳೆಯದು ಅಳಿಸಿಹೋಗುವುದಿಲ್ಲ, ಆದರೆ ಹೊಸ ಮೇಲ್ ಬರುವುದೂ ನಿಲ್ಲುತ್ತದೆ, ಕಳಿಸುವುದೂ ನಿಲ್ಲುತ್ತದೆ. ಅವರಿಗೆ ಮೇಲ್ ಕಳಿಸಿದ ಗಿರಾಕಿಗೆ ಅದು ವಾಪಸ್ ಹೋಗುತ್ತದೆ. ಒನ್‌ಡ್ರೈವ್ ಜಾಗವನ್ನೂ ಹಾಗೆಯೇ ನೋಡಿ.

ಮೊದಲು ಹೊಸ ಲೈಸೆನ್ಸ್ ಕೈಯಲ್ಲಿ ಇಟ್ಟುಕೊಂಡು, ಹಳೆಯದನ್ನು ತೆಗೆಯುವುದು ಮತ್ತು ಹೊಸದನ್ನು ಕೊಡುವುದು ಎರಡನ್ನೂ ಒಂದೇ ಪುಟದಲ್ಲಿ ಒಂದೇ ಸಲ ಸೇವ್ ಮಾಡಿ. ಹಳೆಯದನ್ನು ತೆಗೆದು ‘ನಾಳೆ ಹೊಸದು ಕೊಡೋಣ’ ಅಂತ ಬಿಡಬೇಡಿ. ಲೈಸೆನ್ಸ್ ಇಲ್ಲದ ಮೇಲ್‌ಬಾಕ್ಸ್ 30 ದಿನ ಮಾತ್ರ ಉಳಿಯುತ್ತದೆ. ಕೆಲಸ ಬಿಟ್ಟವರ ಮೇಲ್ ಬೇಕಿದ್ದರೆ ಲೈಸೆನ್ಸ್ ತೆಗೆಯುವ ಮುಂಚೆಯೇ ಅದನ್ನು ಶೇರ್ಡ್ ಮೇಲ್‌ಬಾಕ್ಸ್ ಮಾಡಿ, ಅವರ ಜಾಗಕ್ಕೆ ಬಂದವರಿಗೆ ತೆರೆಯುವ ಅನುಮತಿ ಕೊಡಿ. 50 ಜಿಬಿಯೊಳಗಿದ್ದರೆ ಅಲ್ಲಿಗೆ ಆ ಸೀಟು ಖಾಲಿ, ಹೊಸಬರಿಗೆ ಅದನ್ನೇ ಕೊಡಬಹುದು.

ರಿನ್ಯೂವಲ್ ತಾರೀಖಿಗೆ ಒಂದು ತಿಂಗಳ ಮುಂಚೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಆ ದಿನ ಅಡ್ಮಿನ್ ಪುಟದಿಂದ ಯಾರು ಏನನ್ನು ಬಳಸುತ್ತಿದ್ದಾರೆ ಅನ್ನುವ ವರದಿ ತೆಗೆಯಿರಿ. ಸ್ಟ್ಯಾಂಡರ್ಡ್ ಇಟ್ಟುಕೊಂಡು ಕಂಪ್ಯೂಟರಿನಲ್ಲಿ ಆಫೀಸನ್ನು ತೆರೆದೇ ಇಲ್ಲದವರು ಎಷ್ಟು ಜನ, ಬೇಸಿಕ್ ಸಾಲದೆ ಪಕ್ಕದವರ ಕಂಪ್ಯೂಟರಿಗೆ ಹೋಗಿ ಕೆಲಸ ಮಾಡುವವರು ಯಾರು ಅಂತ ನೋಡಿ. ಮೊದಲನೆಯದು ವರದಿಯಲ್ಲೇ ಕಾಣುತ್ತದೆ, ಎರಡನೆಯದಕ್ಕೆ ಇಲಾಖೆಯವರನ್ನೇ ಕೇಳಬೇಕು. ಎರಡೂ ಪಟ್ಟಿ ಕೈಯಲ್ಲಿ ಹಿಡಿದು ಆಮೇಲೆ ಡೀಲರ್‌ಗೆ ಫೋನ್ ಮಾಡಿ, ಹೊಸ ಕೊಟೇಷನ್‌ನಲ್ಲಿ ಪ್ರತಿ ಪ್ಲಾನಿನ ಪೂರ್ತಿ ಹೆಸರು, ಸೀಟಿನ ಸಂಖ್ಯೆ, ಒಪ್ಪಂದದ ಅವಧಿ ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಸಿಕೊಳ್ಳಿ.